ಸಿರುಗುಪ್ಪದ ಬಸ್ಸಿನಲ್ಲಿ ಬರುತ್ತಿದ್ದ ಡಬ್ಬಿ

ಕಾರು ಗ್ಯಾರೇಜಿನಲ್ಲಿತ್ತು. ಹಾಗಾಗಿ ಈ ಸಲ ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಬೆಳಿಗ್ಗೆ, ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನಲ್ಲೇ ಹೋಗಬೇಕಾಯಿತು. ವಾರಕ್ಕೊಂದು ದಿನ ಅಲ್ಲಿ ನಾನು ರೋಗಿಗಳನ್ನು ನೋಡುತ್ತೇನೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ನುಗ್ಗಿ ಡ್ರೈವರ್ ಪಕ್ಕದ ಬಾನೆಟ್ ಹತ್ತಿರ ನಿಂತೆ. ತವರಿಗೆ ಹೊರಟಿದ್ದ ಹೆಣ್ಣುಮಗಳೊಬ್ಬಳು ತನ್ನ ಚೀಲವನ್ನು ಆ ಬಾನೆಟ್ ಮೇಲೆ ಇಟ್ಟಿದ್ದಳು. ಊರು ದಾಟುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ಚೀಲದೊಳಗಿನ ಶೇಂಗಾ ಹೋಳಿಗೆಯ ವಾಸನೆ ಎದ್ದಿತು. ಬೆಲ್ಲ, ಏಲಕ್ಕಿ, ಡೀಸೆಲ್, ಹಳೆಯ ಸೀರೆಯ ಬಟ್ಟೆ… ಎಲ್ಲ ಕಲಸಿಕೊಂಡ ವಾಸನೆ. ನಾನು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡೆ. ಆ ಹೆಣ್ಣುಮಗಳು ಪಾಪ, ವಾಂತಿ ಬರುವ ಹಾಗಿದ್ದರೆ ಕಿಟಕಿ ಕಡೆ ಬನ್ನಿ ಎಂದು ಜಾಗ ಬಿಟ್ಟುಕೊಟ್ಟಳು.

ಹೋಳಿಗೆ ವಾಸನೆಗೆ ಎಲ್ಲರಿಗೂ ತಾಯಿ ನೆನಪಾಗುತ್ತಾಳೆ. ನನಗೆ ನೆನಪಾಗುವವರು ಒಬ್ಬ ಬಸ್ ಕಂಡಕ್ಟರ್.

ಹತ್ತು ವರ್ಷಗಳ ಹಿಂದೆ ನಾನು ಬಳ್ಳಾರಿಯಲ್ಲಿ ಹೌಸ್ ಸರ್ಜನ್ ಆಗಿದ್ದೆ. ಆಮೇಲೆ ಅಲ್ಲಿಯೇ ಸರ್ಜರಿ ಪಿ.ಜಿ.ಗೆ ಸೇರಿದೆ. ಮನೆ ಇರುವುದು ಸಿರುಗುಪ್ಪದಲ್ಲಿ, ಬಸ್ಸಿಗೆ ಒಂದೂವರೆ ತಾಸಿನ ದಾರಿ. ಅಪ್ಪ, ಚಿಕ್ಕಪ್ಪ, ತಮ್ಮ, ಮಕ್ಕಳು ಮರಿ ಎಲ್ಲ ಸೇರಿ ಹಬ್ಬ ಬಂದರೆ ಇಪ್ಪತ್ತೈದು ಎಲೆ ಬೀಳುವ ಮನೆ. ಅಷ್ಟು ಹತ್ತಿರ ಇದ್ದೂ ಹಬ್ಬಕ್ಕೆ ಬಾರದ ಮಗಳನ್ನು ಊರ ಜನ ಏನನ್ನಬೇಕು? "ಡಾಕ್ಟರಾಗಾಕ ಹತ್ಯಾಳ, ಆಕಿಗೆಲ್ಲಿ ಪುರುಸೊತ್ತು" ಅನ್ನುತ್ತಿದ್ದರು. ಆ ಒಂದು ಮಾತಿನ ಕೆಳಗೆ ಎಷ್ಟು ತಪ್ಪನ್ನು ಬೇಕಾದರೂ ಮುಚ್ಚಿಡಬಹುದು ಎಂಬುದನ್ನು ನಾನು ಬೇಗ ಕಲಿತೆ. ಓದಿನಲ್ಲಿ ಅಷ್ಟು ಚುರುಕಿರಲಿಲ್ಲ, ಇದರಲ್ಲಿ ಇದ್ದೆ.

ಮೊದಮೊದಲು ಡ್ಯೂಟಿ ನಿಜವಾಗಿಯೇ ಇರುತ್ತಿತ್ತು. ಹಬ್ಬ ಬಂದರೆ ಹಿರಿಯರೆಲ್ಲ ರಜೆ ಹಾಕುತ್ತಿದ್ದರು, ಕಿರಿಯರ ಹೆಸರು ಪಟ್ಟಿಗೆ ಏರುತ್ತಿತ್ತು. ಮಗಳು ಬರುವುದಿಲ್ಲ ಎಂದಾದಾಗ ಅವ್ವ ಒಂದು ದಾರಿ ಕಂಡುಕೊಂಡಳು. ಬೆಳಗಿನ ಆರೂಕಾಲರ ಬಸ್ಸಿಗೆ ಸ್ಟ್ಯಾಂಡಿಗೆ ಹೋಗಿ ಹಬ್ಬದಡಿಗೆಯ ಡಬ್ಬಿಯನ್ನು ಕಂಡಕ್ಟರ್ ಕೈಗೆ ಕೊಡುವುದು, ನಾನು ಬಳ್ಳಾರಿಯಲ್ಲಿ ಬಸ್ಸಿಗೆ ಎದುರು ಹೋಗಿ ಇಳಿಸಿಕೊಳ್ಳುವುದು. ಮೂರು ತಟ್ಟೆಯ ದೊಡ್ಡ ಸ್ಟೀಲ್ ಡಬ್ಬಿ, ಅದಕ್ಕೆ ಹಳೆಯ ಸೀರೆಯ ತುಂಡಿನ ಗಂಟು. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಹುರಿದ ಜೋಳದ ಅಳ್ಳು. ದೀಪಾವಳಿಗೆ ಹೋಳಿಗೆ. ಸಂಕ್ರಾಂತಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಪುಡಿ, ಗೋಧಿ ಮಾದಲಿ. ಡಬ್ಬಿಯನ್ನು ತೊಳೆದು ಮಧ್ಯಾಹ್ನದ ಬಸ್ಸಿಗೆ ವಾಪಸ್ ಕೊಡಬೇಕು, ಬರಿದಾಗಿ ಮಾತ್ರ ಕೊಡಬಾರದು. "ಖಾಲಿ ಡಬ್ಬಿ ಮನಿಗಿ ಬರಬಾರ್ದವ್ವ. ಏನೂ ಇಲ್ಲಂದ್ರ ನಾಕ್ ಕಾಳು ಸಕ್ರಿ ಹಾಕು" ಎಂದು ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು. ನಾನು ಪ್ರತಿ ಸಲ ಮರೆಯುತ್ತಿದ್ದೆ.

ಆ ಬಸ್ಸಿನ ಕಂಡಕ್ಟರನ್ನು ನಾನು ಮಾಮ ಎನ್ನುತ್ತಿದ್ದೆ. ಐವತ್ತರ ಆಸುಪಾಸಿನ ಎತ್ತರದ ಮನುಷ್ಯ. ಕಿವಿಯ ಮೇಲೆ ಪೆನ್ನು, ಕೊರಳಲ್ಲಿ ಲಿಂಗದ ಕರಡಿಗೆ, ಬಾಯಲ್ಲಿ ಸದಾ ಒಂದು ಚೇಷ್ಟೆ. ಬಾಗಿಲಲ್ಲಿ ಜೋತುಬಿದ್ದವರಿಗೆ "ಒಳಗ ನಡೀರಿ, ಎರಡೆಕರೆ ಜಾಗ ಐತಿ" ಎಂದು ಕೂಗುತ್ತಿದ್ದರು. ಆ ಕಡೆಯ ತೆಲುಗಿನವರು ಹತ್ತಿದರೆ ಅದನ್ನೇ ತೆಲುಗಿನಲ್ಲಿ ಹೇಳಿ ನಗಿಸುತ್ತಿದ್ದರು. ಮೊದಲ ಪಂಚಮಿಗೆ ಡಬ್ಬಿ ಇಸಿದುಕೊಳ್ಳಲು ಹೋದಾಗ ನನ್ನ ಬಿಳಿ ಕೋಟು ನೋಡಿ, "ನಿಮಗೂ ಹಬ್ಬಿಲ್ಲ, ನಮಗೂ ಹಬ್ಬಿಲ್ಲ. ಒಂದಾ ಜಾತಿ ಬಿಡ್ರಿ ನಾವು" ಎಂದಿದ್ದರು. ಅವರ ಹೆಂಡತಿ ಮಕ್ಕಳು ಬಾದನಹಟ್ಟಿಯಲ್ಲಿದ್ದರು. ಅವರೂ ಹಬ್ಬದ ದಿನ ಮನೆಯಲ್ಲಿ ಉಂಡವರಲ್ಲ.

ಆಮೇಲೆ ಬಂದ ದೀಪಾವಳಿಯಲ್ಲಿ ನನಗೆ ರಜೆ ಸಿಕ್ಕಿತು. ನಮ್ಮಲ್ಲೊಂದು ಒಪ್ಪಂದವಿತ್ತು. ರಂಜಾನಿಗೆ ನಾವು ಮುಸ್ಲಿಂ ಗೆಳತಿಯರ ಡ್ಯೂಟಿ ಮಾಡಬೇಕು, ದೀಪಾವಳಿಗೆ ಅವರು ನಮ್ಮದನ್ನು ಮಾಡಬೇಕು. ಗೆಳತಿ ಮಾತು ಉಳಿಸಿಕೊಂಡಳು. ಮೂರು ದಿನ ಬಿಡುವು. ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಬ್ಯಾಚಿನ ಆರು ಜನ ಗೋಕರ್ಣಕ್ಕೆ ಹೊರಟಿದ್ದರು, ನಾನು ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಅವ್ವನಿಗೆ ಫೋನ್ ಮಾಡಿ ಡ್ಯೂಟಿ ಇದೆ ಎಂದೆ. ಆಕೆ "ಆತು ಬಿಡು, ಡಬ್ಬಿ ಕಳಸ್ತೀನಿ" ಎಂದಳು. ಬೇಡ ಎಂದರೆ ಅನುಮಾನ ಬರುತ್ತದೆ. ಹ್ಞೂಂ ಎಂದೆ.

ನಮ್ಮ ಹೊಸಪೇಟೆ ಬಸ್ಸು ಏಳೂವರೆಗೆ ಹೊರಡಬೇಕಿತ್ತು. ಹಬ್ಬದ ಗದ್ದಲದಲ್ಲಿ ಅದು ಎಂಟಾದರೂ ಬರಲಿಲ್ಲ. ಅಷ್ಟರಲ್ಲಿ ಸಿರುಗುಪ್ಪದ ಬಸ್ಸು ಬಂದು ನಿಂತಿತು. ಮಾಮ ಡಬ್ಬಿ ಹಿಡಿದು ಇಳಿದರು, ನನ್ನನ್ನು ಹುಡುಕುತ್ತ ಸ್ಟ್ಯಾಂಡಿನ ತುಂಬ ಕಣ್ಣಾಡಿಸಿದರು. ನಾನು ನಾಲ್ಕು ಮಾರು ದೂರದಲ್ಲಿ ಹೊಸ ಚೂಡಿದಾರ, ಬೆನ್ನಿಗೆ ಚೀಲ, ತಲೆಯ ಮೇಲೆ ತಂಪು ಕನ್ನಡಕ ಏರಿಸಿಕೊಂಡು ನಗುತ್ತ ನಿಂತಿದ್ದೆ. ಕಣ್ಣಿಗೆ ಕಣ್ಣು ಕೂಡಿತು. ಅವರು ಒಂದು ಹೆಜ್ಜೆ ಮುಂದಿಟ್ಟರು. ನಾನು ಕಂಬದ ಮರೆಗೆ ಸರಿದೆ… ಈಗಲೂ ಆ ಕಂಬ ಅಲ್ಲೇ ಇದೆ, ಅದರ ಹತ್ತಿರ ನಿಂತು ನಾನು ಬಸ್ಸಿಗೆ ಕಾಯುವುದಿಲ್ಲ. ಇಣುಕಿ ನೋಡಿದಾಗ ಅವರು ಬೆನ್ನು ತಿರುಗಿಸಿ ಚಹಾದಂಗಡಿಯ ಕಡೆ ನಡೆದಿದ್ದರು. ಕೈಯಲ್ಲಿ ಡಬ್ಬಿ ಹಾಗೇ ಇತ್ತು.

ಗೋಕರ್ಣದಲ್ಲಿ ಸಮುದ್ರ ನೋಡಿದೆನೋ ಇಲ್ಲವೋ ನೆನಪಿಲ್ಲ. ಅವ್ವನ ಫೋನ್ ಯಾವಾಗ ಬರುತ್ತದೋ ಎಂಬ ದಿಗಿಲಿನಲ್ಲೇ ಮೂರು ದಿನ ಕಳೆದೆ. ವಾಪಸ್ ಬಂದ ದಿನ ಫೋನ್ ಬಂತು.

"ಯವ್ವಾ, ಆಪರೇಷನ್ ಇತ್ತಂತ? ಕಂಡಕ್ಟರಪ್ಪ ಪಾಪ ದವಾಖಾನಿ ತನಕ ಬಂದು ಕೊಟ್ಟನಂತಲ್ಲ. ನಿಂತಕಂಡ ಒಂದು ಹೋಳಿಗಿ ತಿಂದಿ ಅಂತ ಹೇಳಿದ. ಚಲೋ ಆಗಿದ್ವಾ?"

"ಚಲೋ ಆಗಿದ್ವವ್ವ" ಎಂದೆ.

"ಈ ಸಲ ನೆನಪಿಟ್ಟು ಡಬ್ಬ್ಯಾಗ ಬೆಲ್ಲ ಹಾಕಿ ಕಳಿಸೀಯಲ್ಲ, ದೇವರ ಮುಂದ ಇಟ್ಟೀನಿ ನೋಡು."

ಆ ಮನುಷ್ಯ ಚಾಡಿ ಹೇಳಿದ್ದರೆ ಅವ್ವನ ಕೈಲಿ ನಾಲ್ಕು ಬೈಸಿಕೊಂಡು ಹಗುರಾಗುತ್ತಿದ್ದೆ. ಅವರು ನನ್ನ ಸುಳ್ಳನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಡಬ್ಬಿ ತೊಳೆದು, ಎಲ್ಲಿಂದಲೋ ಒಂದು ಹಳಕು ಬೆಲ್ಲ ತಂದು ಇಟ್ಟಿದ್ದರು. ಮರುದಿನವೇ ಸ್ಟ್ಯಾಂಡಿಗೆ ಹೋಗಿ ತಪ್ಪಾಯಿತು ಮಾಮ ಅನ್ನಬೇಕಿತ್ತು. ನಾಳೆ ಹೋಗೋಣ ಎಂದುಕೊಂಡೆ. ನಾಳೆ ಎಂದವಳ ಮನೆ ಹಾಳು ಎನ್ನುತ್ತಾರಲ್ಲ, ಹಾಗಾಯಿತು.

ಆಮೇಲಿನ ಎರಡು ವರ್ಷ ನಾನು ಡಬ್ಬಿ ಇಸಿದುಕೊಳ್ಳಲು ಹೋಗಲೇ ಇಲ್ಲ. ಅವ್ವನ ಮುಖ ನೋಡುವುದಕ್ಕಿಂತ ಆ ಮನುಷ್ಯನ ಮುಖ ನೋಡುವುದು ಕಷ್ಟವೆನಿಸುತ್ತಿತ್ತು. ಮೊದಮೊದಲು ನಾಚಿಕೆಗೆ ಹೋಗಲಿಲ್ಲ. ನಂತರ, ಹೇಗೂ ಅವರು ಸಂಭಾಳಿಸುತ್ತಾರಲ್ಲ ಎಂಬ ಮೊಂಡುತನ ಬಂತು. ಯುಗಾದಿ ಬಂತು, ಪಂಚಮಿ ಬಂತು, ದಸರೆ ಬಂತು. ಡಬ್ಬಿ ಬಳ್ಳಾರಿಗೆ ಬರುತ್ತಿತ್ತು, ತೊಳೆದು ಬೆಲ್ಲ ಹಾಕಿಸಿಕೊಂಡು ಸಿರುಗುಪ್ಪಕ್ಕೆ ಹೋಗುತ್ತಿತ್ತು. ಅವ್ವ ಫೋನಿನಲ್ಲಿ ಹೇಳುವುದನ್ನು ಕೇಳಿಯೇ ನಾನು ಏನು ತಿಂದೆ, ಏನು ಹೇಳಿದೆ ಎಂಬುದನ್ನು ತಿಳಿದುಕೊಳ್ಳುತ್ತಿದ್ದೆ. ಅಡುಗೆಯ ವಿಷಯದಲ್ಲಿ ಅವ್ವ ಬಿಡುವವಳಲ್ಲ. ಉಪ್ಪು ಸರಿಯಿತ್ತೇ, ಉಂಡಿ ಗಟ್ಟಿಯಾಗಿತ್ತೇ, ಮಗಳು ಏನಂದಳು ಎಂದು ಮಾಮನನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುತ್ತಿದ್ದಳು. ಉತ್ತರ ಹೇಳಬೇಕಾದರೆ ತಿಂದು ನೋಡಿರಬೇಕು. ಡ್ರೈವರಿಗೆ, ಸ್ಟ್ಯಾಂಡಿನ ಹಮಾಲರಿಗೆ ಹಂಚಿ, ತಾವೂ ಒಂದು ತಿನ್ನುತ್ತಿದ್ದರು. ನನ್ನ ನಾಲಿಗೆಯ ಕೆಲಸವನ್ನು ಅವರ ನಾಲಿಗೆ ಮಾಡುತ್ತಿತ್ತು.

ಪಿ.ಜಿ.ಯ ಮೊದಲ ವರ್ಷ ಸಂಕ್ರಾಂತಿಗೆ ಮಾತ್ರ ಊರಿಗೆ ಹೋದೆ. ಮನೆ ಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ಹೊಳೆಗೆ ಹೋದೆವು. ತುಂಗಭದ್ರೆಯಲ್ಲಿ ಮಿಂದು, ಮರಳಿನ ಮೇಲೆ ಜಮಖಾನ ಹಾಸಿ, ಬುತ್ತಿ ಬಿಚ್ಚಿದರು. ಎಷ್ಟೋ ದಿನದ ಮೇಲೆ ಅವ್ವನ ಕೈ ಮಾದಲಿ. ಹಾಲು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಸಪ್ಪೆ. ಬೆಲ್ಲ ಹಾಕಿದ್ದಾಳೋ ಇಲ್ಲವೋ ಅನ್ನುವ ಹಾಗಿತ್ತು.

"ಇದೇನವ್ವ, ಸಿಹೀನ ಇಲ್ಲ?"

"ನೀನಾ ಹೇಳಿ ಕಳಿಸೀದಿ ಅಲ್ಲ, ಸಿಹಿ ಕಮ್ಮಿ ಮಾಡು ಅಂತ. ಹ್ವಾದ ಪಂಚಮ್ಯಾಗೂ ಹೇಳೀದಿ, ದಸರ್ಯಾಗೂ ಹೇಳೀದಿ. ಕಂಡಕ್ಟರಪ್ಪ ಮರೀದ ಹೇಳ್ತಾನ."

ತಮ್ಮ ಬಾಯಿ ಹಾಕಿದ. "ಅಕ್ಕನ ಸಲುವಾಗಿ ವರ್ಷದ ಮ್ಯಾಲಾತು, ನಾವೆಲ್ಲ ಪೇಷಂಟ್ ಊಟ ಉಣ್ಣಾಕ ಹತ್ತೀವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಡಾಕ್ಟರರು ಸಿಹಿ ತಿನ್ನಬಾರದು ಎಂದು ಏನೋ ಹೇಳಿ ತೇಲಿಸಿದೆ. ಸಿಹಿ ಎಂದರೆ ಪ್ರಾಣ ಬಿಡುವವಳು ನಾನು. ಐವತ್ತು ದಾಟಿದ, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ದಿನವಿಡೀ ನಿಂತು ದುಡಿಯುವ ಮನುಷ್ಯನೊಬ್ಬ ಹಬ್ಬ ಹಬ್ಬಕ್ಕೂ ಸಿಹಿ ಕಡಿಮೆ ಮಾಡಿಸಿ ಎಂದು ಹೇಳಿ ಕಳಿಸುತ್ತಾನೆ. ಇದರ ಅರ್ಥವೇನು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಒಂದೇ ಉಸಿರಿಗೆ ಬರೆಯುತ್ತಿದ್ದೆ. ಆ ತಿಂಗಳು ನಾನು ದಿನಾ ಓದುತ್ತಿದ್ದದ್ದು ಸಕ್ಕರೆ ಕಾಯಿಲೆಯನ್ನೇ, ನೋಡುತ್ತಿದ್ದದ್ದು ಆ ಕಾಯಿಲೆಯವರನ್ನೇ. ಹೊಳೆಯ ದಂಡೆಯಲ್ಲಿ ಕೂತು ಎರಡನೇ ಸಲ ಬಡಿಸಿಕೊಂಡು ತಿಂದೆ. ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಮುಂದಿನ ವರ್ಷ, ವಾರ್ಡಿನಲ್ಲಿ.

ದೀಪಾವಳಿ ಮುಗಿದು ವಾರವಾಗಿತ್ತು. ಬೆಳಗಿನ ರೌಂಡ್ಸ್. ಯೂನಿಟ್ಟಿನ ಹಿರಿಯ ಡಾಕ್ಟರು ಮುಂದೆ, ನಾವು ಕೇಸ್ ಶೀಟ್ ಹಿಡಿದು ಹಿಂದೆ. ಕಿಟಕಿ ಪಕ್ಕದ ಹಾಸಿಗೆ. ಬಲಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಹೊಸ ಬೂಟಿನ ಉಜ್ಜು ಗಾಯ, ಸಕ್ಕರೆಯಿಂದ ಸ್ಪರ್ಶ ಸತ್ತು ನೋವು ಗೊತ್ತಾಗಿಲ್ಲ, ಗೊತ್ತಾಗುವಾಗ ತಡವಾಗಿತ್ತು. ಕಾಲು ನೋಡಿದ ಮೇಲೆ ಮುಖ ನೋಡಿದೆ. ಖಾಕಿ ಇಲ್ಲ, ಕಿವಿಯ ಮೇಲೆ ಪೆನ್ನಿಲ್ಲ, ಗಡ್ಡ ಬೆಳೆದಿತ್ತು. ಅಷ್ಟು ವರ್ಷ ಅವರ ಹೆಸರನ್ನು ನಾನು ಕೇಳಿರಲಿಲ್ಲ. ಕೇಸ್ ಶೀಟಿನ ಮೇಲೆ ಮೊದಲ ಸಲ ಓದಿದೆ. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿದೆ ಎಂದು ಅನಿಸುವುದಿಲ್ಲ.

ಹಿರಿಯರು ಗದರಿದರು. "ಸಕ್ಕರೆ ಇಷ್ಟು ಏರಿದೆ. ಹಬ್ಬದಲ್ಲಿ ಸಿಹಿ ಹೊಡೆದಿರೇನ್ರಿ?"

ಅವರು ನನ್ನನ್ನು ನೋಡಲಿಲ್ಲ, ಕಿಟಕಿ ಕಡೆ ನೋಡುತ್ತ ಹೇಳಿದರು. "ಒಂದಾ ಹೋಳಿಗಿ ಸರ. ಒಬ್ಬ ತಾಯಿ ಮಗಳಿಗಂತ ಮಾಡಿ ಕಳಿಸಿದ್ದು. ಚೆಲ್ಲಾಕ ಮನಸು ಬರಲಿಲ್ಲ."

"ಎಲ್ಲಾರ ಮನೆ ಹೋಳಿಗೆ ತಿಂದು ಕಾಲು ಕಳಕೊಳ್ರಿ" ಎಂದು ಹಿರಿಯರು ನನ್ನ ಕಡೆ ತಿರುಗಿ, ಪಥ್ಯ ಮಾಡಿಲ್ಲ ಅಂತ ಬರಿ ಎಂದರು. ಜೊತೆಗಿದ್ದ ಹುಡುಗರು ನಕ್ಕರು. ನಾನು ಬರೆದೆ. ಇಂಗ್ಲಿಷಿನಲ್ಲಿ, ದುಂಡಗೆ, ಕೆಳಗೊಂದು ಗೆರೆ ಎಳೆದು, ಸಹಿ ಹಾಕಿದೆ.

ವರ್ಷಕ್ಕೆ ಐದಾರು ಹೋಳಿಗೆಯಿಂದ ಯಾರ ಬೆರಳೂ ಹೋಗುವುದಿಲ್ಲ. ಡಾಕ್ಟರಾಗಿ ನನಗೆ ಅದು ಗೊತ್ತು, ಆ ಸಮಾಧಾನವನ್ನು ನನಗೆ ನಾನೇ ಸಾಕಷ್ಟು ಸಲ ಹೇಳಿಕೊಂಡಿದ್ದೇನೆ. ಅದು ನನ್ನ ಪಾಲಿನ ಹೋಳಿಗೆ, ನಾನು ಹೋಗಿ ಇಸಿದುಕೊಂಡಿದ್ದರೆ ಈ ಮನುಷ್ಯ ಅದನ್ನು ತಿನ್ನಬೇಕಾಗಿರಲಿಲ್ಲ ಸರ್ ಎಂದು ಅವತ್ತು ಒಂದು ಮಾತು ಬಾಯಿಂದ ಬರಲಿಲ್ಲವಲ್ಲ, ಅದಕ್ಕೆ ಯಾವ ಸಮಾಧಾನವೂ ಸಿಕ್ಕಿಲ್ಲ. ಅಷ್ಟು ಜನರ ಮುಂದೆ ಬೈಸಿಕೊಂಡವರು ಅವರು, ಜಾಣೆಯಂತೆ ಬರೆದುಕೊಂಡವಳು ನಾನು.

ಅವರು ಹನ್ನೊಂದು ದಿನ ಆ ಹಾಸಿಗೆಯಲ್ಲಿದ್ದರು. ಎರಡು ಬೆರಳು ತೆಗೆದರು. ಆ ದಿನ ಥಿಯೇಟರಿನಲ್ಲಿ ನಾನಿರಬೇಕಿತ್ತು, ಬೇರೆಯವಳೊಂದಿಗೆ ಡ್ಯೂಟಿ ಬದಲಾಯಿಸಿಕೊಂಡು ಓಪಿಡಿಗೆ ಹೋದೆ. ಡ್ರೆಸ್ಸಿಂಗಿಗೆ ಕಿರಿಯರನ್ನು ಕಳಿಸಿದೆ. ವಾರ್ಡಿನ ಆಚೆ ಬಾಗಿಲಿನಿಂದ ಬಂದು ಆಚೆ ಬಾಗಿಲಿನಿಂದಲೇ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಮಾತ್ರ ಸಿಕ್ಕಿಬಿದ್ದೆ. ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದವರು ವರಾಂಡದಲ್ಲಿ ಎದುರಾದರು. ಸುತ್ತ ಯಾರೂ ಇಲ್ಲವೆಂದು ನೋಡಿ, ದನಿ ತಗ್ಗಿಸಿ, "ಡಾಕ್ಟರವ್ವ, ನಿಮ್ಮವ್ವಗ ಹೇಳಬ್ಯಾಡ್ರಿ. ತನ್ನ ಹೋಳಿಗಿಂದ ಹಿಂಗಾತು ಅಂತ ಕೊರಗ್ತಾಳ" ಎಂದರು.

ಹ್ಞೂಂ ಎಂದೆ. ಕಾಲು ಹೇಗಿದೆ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಫೋನು ನೋಡುತ್ತ ಮುಂದೆ ಹೋದೆ. ನನ್ನ ಅವರ ನಡುವೆ ಆದ ಕೊನೆಯ ಮಾತು ಅದೇ… ಅದನ್ನು ಮಾತು ಎನ್ನಬಹುದಾದರೆ.

ಮುಂದಿನ ಹಬ್ಬಕ್ಕೆ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಆತ ಡಬ್ಬಿ ಮುಟ್ಟಲೊಪ್ಪಲಿಲ್ಲ. ಆ ಕಂಡಕ್ಟರಪ್ಪ ಎಲ್ಲಿ ಹೋದ ಎಂದು ಅವ್ವ ಕೇಳಿದಳು. ಬೇರೆ ರೂಟಿಗೆ ಹಾಕಿದ್ದಾರಂತೆ ಎಂದೆ. ಅವರು ಹೇಳಬೇಡ ಎಂದಿದ್ದರಲ್ಲ ಎಂದು ನನ್ನನ್ನು ನಾನು ನಂಬಿಸಿಕೊಂಡೆ. ನಿಜ ಹೇಳಿದರೆ ಗೋಕರ್ಣದಿಂದ ಶುರು ಮಾಡಿ ಹೇಳಬೇಕಿತ್ತು. ಆಮೇಲೆ ಓದು ಮುಗಿಯಿತು, ಮದುವೆಯಾಯಿತು, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಮನೆಯಾಯಿತು. ಬಾದನಹಟ್ಟಿ ಎಷ್ಟು ದೂರ? ಕುರುಗೋಡಿಗೆ ವಾರ ವಾರ ಹೋಗುವವಳಿಗೆ ಅದು ದೂರವೇ ಅಲ್ಲ.

ಈ ಸಲ ಆ ರೊಟ್ಟಿ ಹಬ್ಬದ ಬಸ್ಸಿನಿಂದ ಇಳಿಯುವ ಮುಂಚೆ ಕಂಡಕ್ಟರನ್ನು ಕೇಳಿದೆ. ಹಳಬರ ಗುರುತು ಹೇಳಿದ ಕೂಡಲೇ ಆತನಿಗೆ ಗೊತ್ತಾಯಿತು. "ಅವ್ರು ಹ್ವಾಗಿ ಎರಡು ವರ್ಷಾತ್ರಿ. ಹಾರ್ಟಿಂದು. ಮಂದಿ ಅವ್ರನ್ನ ಇನ್ನಾ ನೆನಸ್ತಾರ" ಎಂದ. ನಾನು ಇಳಿದು, ಅವತ್ತು ಹೇಗೆ ರೋಗಿಗಳನ್ನು ನೋಡಿದೆನೋ ಗೊತ್ತಿಲ್ಲ. ಮಧ್ಯಾಹ್ನ ಆಟೋ ಮಾಡಿಕೊಂಡು ಬಾದನಹಟ್ಟಿಗೆ ಹೋದೆ. ಸತ್ತ ಮೇಲೆ ಹೋಗುವುದು ಸುಲಭ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು, ಅದನ್ನೂ ಕೇಳಿಸಿಕೊಂಡೆ.

ಅವರ ಹೆಂಡತಿ ಪಡಸಾಲೆಯಲ್ಲಿ ಕೂತು ಹುರಿದ ಶೇಂಗಾದ ಸಿಪ್ಪೆ ಕೇರುತ್ತಿದ್ದರು. ಯಾರೆಂದು ಹೇಳಿದೆ. ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತರು.

"ನೀವಾ ಏನ್ರಿ ಸಿರುಗುಪ್ಪದ ಡಾಕ್ಟರವ್ವ! ಬರ್ರಿ ಯವ್ವಾ, ಒಳಗ ಬರ್ರಿ. ಎಷ್ಟು ಹೇಳ್ತಿದ್ರು ನಿಮ್ಮ ವಿಚಾರ."

ಕೈ ಹಿಡಿದು ಕೂರಿಸಿದರು. ನೀರು ಕೊಟ್ಟರು. ಮಕ್ಕಳು ಚಿಕ್ಕವರೆಂದು ತಾವು ದವಾಖಾನೆಯಲ್ಲಿ ಉಳಿಯಲಾಗಲಿಲ್ಲ, ಗಂಡ ಒಬ್ಬರೇ ಹೇಗಿರುತ್ತಾರೋ ಎಂದು ಹೆದರಿದ್ದಾಗಿ ಹೇಳಿದರು. "ನೀ ಯಾಕ ಅಂಜ್ತಿ, ನಮ್ಮ ಸಿರುಗುಪ್ಪದ ಡಾಕ್ಟರವ್ವ ಅದಾಳ ಅಂದ್ರು. ಹೊತ್ತೊತ್ತಿಗೂ ಬಂದು ಕೇಳತಾಳ, ಗಾಯ ತಾನಾ ತೊಳೀತಾಳ, ಮನಿಯಿಂದ ರೊಟ್ಟಿ ತರಿಸಿ ಕೊಡತಾಳ ಅಂದ್ರು. ಹೊಟ್ಟಿಲೆ ಹುಟ್ಟಿದ ಮಗಳು ಇಷ್ಟು ಮಾಡಾಂಗಿಲ್ಲ ಅಂತಿದ್ರು. ನಾನು ಸಾಲಿ ಕಲ್ತಾಕಿ ಅಲ್ರಿ, ನನಗ ಅವ್ರ ಬಾಯೀನ ಪೇಪರು. ಅವ್ರು ಹೇಳಿದ್ದ ಕೇಳಿ ಧೈರ್ಯ ತಗೊಂಡೆ."

ಗೋಡೆಯ ಮೇಲೆ ಫೋಟೋ ಇತ್ತು. ನಾನು ಅತ್ತ ನೋಡಲಿಲ್ಲ. ಅವ್ವನಿಗೆ ಹೇಳಿದ ಹಾಗೆಯೇ ಈಕೆಗೂ ಹೇಳಿದ್ದರು ಆ ಮನುಷ್ಯ. ಈಕೆಯ ಕಣ್ಣಿನಲ್ಲಿ ನಾನು ಅಷ್ಟು ವರ್ಷ ಒಳ್ಳೆಯವಳಾಗಿ ಬಾಳಿದ್ದೆ.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿ, ಅವರ ಕೈ ಹಿಡಿದುಕೊಂಡು, "ಅಮ್ಮಾ, ನಾನು ಏನೂ ಮಾಡಲಿಲ್ರಿ. ನಿಜವಾಗಲೂ, ನಾನು ಅವರಿಗೆ ಏನೂ ಮಾಡಲಿಲ್ಲ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಮಾಡಿದೋರು ಹಂಗಾ ಅನ್ನೋದು ಯವ್ವಾ" ಎಂದರು. ನನ್ನ ತಲೆ ಸವರಿದರು.

ಎರಡನೇ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಬಡಿಸಿದ್ದನ್ನು ತಲೆ ಬಗ್ಗಿಸಿ ಉಂಡು, ಆಟೋ ಹತ್ತಿ ಬಂದೆ. ಅಲ್ಲಿ ಹೇಳಲಾಗದ್ದನ್ನೆಲ್ಲ ಈಗ ಇಲ್ಲಿ ಕೂತು ಬರೆಯುತ್ತಿದ್ದೇನೆ. ಆಕೆಗೆ ಓದಲು ಬರುವುದಿಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ.